ತೆಗ್ಗಿಗೆ ಪೂರ ಬಂದಿಲ್ಲ

ದಾವಣಗೆರೆ
೧೨ ನವೆಂಬರ್ ೨೦೨೩

ಪ್ರೀತಿಯ ಆಯಿ,

ನಿನ್ನ ಕಿವಿಗೂ ಫೋನಿಗೂ ಈಗ ಆಗಿಬರುವುದಿಲ್ಲ ಎಂದು ಅಮ್ಮ ಹೇಳಿದಳು. ಅದಕ್ಕೇ ಈ ಪತ್ರ. ಮೊಮ್ಮಗಳು ಎಂಜಿನಿಯರ್ ಆಗಿ ಎರಡು ವರ್ಷಕ್ಕೆ ಮೊದಲ ಸಲ ಬರೆಯುತ್ತಿದ್ದಾಳೆ, ಅದೂ ಕೆಲಸಕ್ಕಾಗಿ. ಬೈಯುವುದಿದ್ದರೆ ಕೊನೆಯ ಸಾಲಿನಲ್ಲಿ ಬೈ.

ನಿಮ್ಮ ಸಾವಂತಕೋಡಿಯ ಹೊಳೆದಂಡೆಯಲ್ಲಿ ಗರಸು ತೆಗೆದ ಹಳೆಯ ಗಣಿ ಇದೆಯಲ್ಲ, ಅದನ್ನು ತುಂಬಿ ಮಟ್ಟ ಮಾಡಿದ್ದಾರೆ. ೨೦೧೯ರ ಪ್ರವಾಹದಲ್ಲಿ ಮನೆ ಕಳೆದುಕೊಂಡ ಮೂವತ್ತೆಂಟು ಕುಟುಂಬಗಳಿಗೆ ಅಲ್ಲಿ ಮನೆ ಕಟ್ಟಿಕೊಡುತ್ತಾರಂತೆ. ಆ ಜಾಗಕ್ಕೆ ಪ್ರವಾಹದ ಅಪಾಯ ಎಷ್ಟು ಎಂದು ವರದಿ ಕೊಡುವ ಕೆಲಸ ನಮ್ಮ ಕಚೇರಿಗೆ ಬಂದಿದೆ, ನನ್ನ ಮೇಜಿಗೇ ಬಿದ್ದಿದೆ. ಪಟ್ಟಿಯಲ್ಲಿ ಧರೆಪ್ಪ ಮಾಮಾನ ಹೆಸರು ನೋಡಿ ಖುಷಿಯಾಯಿತು.

ಸರ್ವೆಯವರು ಬಂದು ಎತ್ತರ ತಗ್ಗು ಬರೆದುಕೊಂಡು ಹೋಗಿದ್ದಾರೆ. ಇನ್ನು ಬೇಕಾದದ್ದು ಹಿರಿಯರ ಮಾತು. ಗಣಿ ತೋಡಿದವರು ಯಾರು, ಎಷ್ಟು ಆಳ, ಏನು ತುಂಬಿದರು, ೨೦೧೯ರಲ್ಲಿ ಅಲ್ಲಿಗೆ ನೀರು ಹೇಗೆ ಬಂತು, ಇಷ್ಟು ಬರೆದು ಸಹಿ ಮಾಡು. ನಿನ್ನ ಪತ್ರವನ್ನೇ ವರದಿಗೆ ಲಗತ್ತಿಸುತ್ತೇನೆ. ನಮ್ಮ ಸಾಹೇಬರು ಕರಾವಳಿಯವರು. ಮನೆಯ ಮಾತು ಬೇಡ, ಶಾಲೆಯ ಕನ್ನಡದಲ್ಲಿ ಬರಿ.

ನಿನ್ನ
ಸಪನಾ


ಸಾವಂತಕೋಡಿ, ತಾ. ಅಥಣಿ
೨೪ ನವೆಂಬರ್ ೨೦೨೩

ಸಪನಾ,

ನಿನ್ನ ಆಯಿ ಸತ್ತಿಲ್ಲ, ಸದ್ಯಕ್ಕೆ ಸಾಯುವ ಲಕ್ಷಣವೂ ಇಲ್ಲ ಎಂದು ತಿಳಿಯುವುದು.

ನಾಲ್ಕನೆಯ ಇಯತ್ತೆಯವರೆಗೆ ಕಲಿತ ಕನ್ನಡವನ್ನು ಅರವತ್ತು ವರ್ಷದ ಮೇಲೆ ಹೊರಗೆ ತೆಗೆದಿದ್ದೇನೆ. ಹುಳ ಬಿದ್ದಿದ್ದರೆ ಆರಿಸಿಕೊಂಡು ಓದಲು ನಿನ್ನ ಸಾಹೇಬನಿಗೆ ಹೇಳು.

ಗಣಿ ಗಿಣಿ ಎನ್ನಬೇಡ. ಅದು ತೆಗ್ಗು. ತೋಡಿದವನು ಗುತ್ತಿಗೆದಾರ ಜಕ್ಕಪ್ಪ. ಮೊದಲು ಮೊಣಕಾಲುದ್ದ ತೋಡಿದ, ಆಮೇಲೆ ಆಳುದ್ದ, ಆಮೇಲೆ ಮೂರು ಆಳು ಒಬ್ಬರ ಹೆಗಲ ಮೇಲೊಬ್ಬರು ನಿಂತರೂ ತಲೆ ಕಾಣದಷ್ಟು. ಉಸುಕು, ಗುಂಡುಗಲ್ಲು ಕೂಡಿದ ಒಳ್ಳೆಯ ಗರಸು, ಲಾರಿ ಲಾರಿ ಹೋಯಿತು. ಒಂದು ಮಧ್ಯಾಹ್ನ ದಂಡೆ ಕುಸಿದು ಕೂಲಿಯವ ನಿಲೇಶನನ್ನು ಸೊಂಟದವರೆಗೆ ಹಿಡಿಯಿತು. ಎಳೆಯಲು ಓಡಿದವರಿಗೆ ಜಕ್ಕಪ್ಪ, “ಮೊದಲ ಗಾಡಿ ಹೊರಗ ತಗೀರ್ಯೋ, ಅದರ ಮ್ಯಾಲೂ ಬೀಳತೈತಿ” ಎಂದ. ಗಾಡಿ ಉಳಿಯಿತು. ದಂಡೆ ಇನ್ನೊಮ್ಮೆ ಬಿತ್ತು. ನಿಲೇಶನನ್ನು ತೆಗೆದಾಗ ಬಾಯಿ ತುಂಬ ಗರಸು. ಅವನ ತಾಯಿ ಬೆರಳು ಹಾಕಿ ಒಂದೊಂದೇ ಕಲ್ಲು ತೆಗೆದಳು. ಎರಡು ಹಲ್ಲೂ ಜೊತೆಗೆ ಬಂದವು.

ಆಮೇಲೆ ಸಕ್ಕರೆ ಕಾರ್ಖಾನೆಯ ಬೂದಿ ತಂದು ತೆಗ್ಗಿಗೆ ಸುರಿದರು. ಅದರ ಮೇಲೆ ಎರಡು ಮೊಳ ಕರಿಮಣ್ಣು. ಈಗ ನೋಡಿದವರಿಗೆ ಹೊಲದ ಹಾಗೆ ಕಾಣುತ್ತದೆ.

ನೀರಿನ ಮಾತು ಕೇಳು. ತೆಗ್ಗಿಗೂ ಹೊಳೆಗೂ ನಡುವೆ ಎತ್ತರದ ದಿಬ್ಬ ಇದೆ. ೨೦೧೯ರಲ್ಲಿ ಹೊಳೆ ಹಳ್ಳದ ಹಾದಿ ಹಿಡಿದು ಊರಿಗೆ ನುಗ್ಗಿತು, ನಮ್ಮ ಮನೆ ಬಿತ್ತು. ಆದರೆ ತೆಗ್ಗಿಗೆ ಪೂರ ಬಂದಿಲ್ಲ. ನೀರು ಬಂತು. ಕೆಳಗಿನಿಂದ ಬಂತು. ಆಗ ಅರ್ಧ ಬೂದಿ ತುಂಬಿತ್ತು, ಅಲ್ಲಿ ಕಟ್ಟಿದ್ದ ನನ್ನ ಎಮ್ಮೆ ಸತ್ತಿತು.

ಬುದ್ಧಿ ಇದ್ದವಳಿಗೆ ಇಷ್ಟು ಸಾಕು. ಧರೆಪ್ಪನ ಹೆಂಡತಿ ರೂಪಾಲಿಗೆ ಏಳು ತಿಂಗಳು. ತಗಡಿನ ಶೆಡ್ಡಿನಲ್ಲಿ ಹೊಟ್ಟೆ ಹೊತ್ತುಕೊಂಡು ಏಳುತ್ತಾಳೆ, ಕೂರುತ್ತಾಳೆ. ನನ್ನ ಎದುರು ಮಾತ್ರ ನರಳುವುದಿಲ್ಲ. ಒಳ್ಳೆಯ ಹುಡುಗಿ ಎಂದು ಅವಳಿಗೆ ಹೇಳಬೇಡ, ತಲೆಗೇರುತ್ತದೆ.

ಸಹಿ: ಸುಂದ್ರವ್ವ


ದಾವಣಗೆರೆ
೧೮ ಜನವರಿ ೨೦೨೪

ಆಯಿ,

ನಿಲೇಶನ ವಿಷಯ ಓದಿದ ದಿನ ನನಗೆ ಊಟ ಸೇರಲಿಲ್ಲ. ಆದರೆ ವರದಿಗೆ ಬೇಕಾದದ್ದು ನೀರಿನ ಮಾತು, ಅದನ್ನು ನೀನು ಮೂರೇ ಸಾಲಿನಲ್ಲಿ ಸ್ಪಷ್ಟವಾಗಿ ಬರೆದಿದ್ದೀಯ. “ನಿಮ್ಮಜ್ಜಿ ನಮ್ಮ ಸರ್ವೆಯವರಿಗಿಂತ ಚುರುಕು ಮಾರಾಯ್ರೆ” ಎಂದರು ಸಾಹೇಬರು. ನೆಲ ಕೊರೆದು ನೋಡುವ ಪರೀಕ್ಷೆಯನ್ನೂ ಬಿಟ್ಟೆವು, ನಿನ್ನ ಮಾತೇ ಸಾಕಾಯಿತು.

ನೀನು ಹೇಳಿದ ಬದಿಗೇ ಗಟ್ಟಿಯಾದ ಒಡ್ಡು ಹಾಕಲು ಬರೆದೆ. ಮೇಲಿನವರು ಒಪ್ಪಿದ್ದಾರೆ. ಮಳೆಗಾಲಕ್ಕೆ ಮುಂಚೆ ಮಾಮಾನಿಗೆ ಹೊಸ ಮನೆ. ರೂಪಾಲಿ ಅತ್ತೆಗೆ ಹೆಣ್ಣು ಹುಟ್ಟಿದ್ದು ತಿಳಿಯಿತು. ಮಗುವಿನ ಮನೆಗೆ ನನ್ನದೂ ಒಂದು ಕೈ ಇದೆ ಎಂದು ನೆನೆದರೆ ಹೆಮ್ಮೆಯಾಗುತ್ತದೆ.

ಸಪನಾ


ಸಾವಂತಕೋಡಿ
೨ ಮೇ ೨೦೨೪

ಸಪನಾ,

ಜಕ್ಕಪ್ಪ ನಿನಗೆ ಯಾವ ಸೀರೆ ಉಡಿಸಿದ? ಬಣ್ಣ ಹೇಳು, ನೋಡೋಣ.

ಮನೆಗಳು ಎದ್ದಿವೆ. ನಿನ್ನ ಒಡ್ಡೂ ಎದ್ದಿದೆ. ಎರಡಾಳು ಎತ್ತರ, ಮೈತುಂಬ ಕಲ್ಲು ಜಡಿದ ಒಡ್ಡು. ಎಲ್ಲಿ? ಮೂಡಣಕ್ಕೆ, ನೀರು ಇಳಿದು ಹೋಗುವ ಬದಿಗೆ! ಹೊಳೆ ಇರುವುದು ಒಂದು ಕಡೆ, ಅಪಾಯ ಇರುವುದು ಕಾಲಡಿಯಲ್ಲಿ, ನಿನ್ನ ಒಡ್ಡು ಮೂರನೆಯ ಕಡೆ.

ಗ್ರಾಮಸಭೆಯಲ್ಲಿ ಎದ್ದು ಕೇಳಿದೆ. ಒಡ್ಡಿನ ಗುತ್ತಿಗೆಯೂ ಜಕ್ಕಪ್ಪನದೇ. ಅವನು ನಕ್ಕು, “ಆಯಿ, ನಿಮ್ಮ ಮೊಮ್ಮಗಳ ವರದಿನ ಹಿಂಗ ಹೇಳೈತಿ. ಬೇಕಂದ್ರ ಆಕಿನ್ನ ಕೇಳ್ರಿ” ಎಂದ. ಸಭೆಯೆಲ್ಲ ನಕ್ಕಿತು. ನಾನು, “ಲೇ ಜಕ್ಕ್ಯಾ, ನಿನ್ನ ಹೆಣಾ ಆ ಬೂದ್ಯಾಗ ಹುಗದ್ರ ನಾಯಿನೂ ಮೂಸಂಗಿಲ್ಲ. ನಿಲೇಶನ ಹಲ್ಲ ಇನ್ನಾ ಅಲ್ಲೇ ಅದಾವ” ಎಂದೆ. ಆಗ ಯಾರೂ ನಗಲಿಲ್ಲ.

ಮರುದಿನ ಅವನ ನಾಲ್ಕು ಮಂದಿ ಬಂದರು. ನನ್ನನ್ನು ಮುಟ್ಟಲಿಲ್ಲ, ಮುದುಕಿಗೆ ಹೊಡೆದರೆ ಊರು ಎದ್ದೀತು ಎಂದು. ಧರೆಪ್ಪ ದನಕ್ಕೆ ಮೇವು ಹಾಕುತ್ತಿದ್ದ. ಜಾಕಿನ ರಾಡಿನಿಂದ ಅವನ ಮೂತಿಗೆ ಹೊಡೆದರು. “ಅವ್ವನ ಬಾಯಿ ಮುಚ್ಚಾಕ ಬರೂದಿಲ್ಲ, ಮಗನ ಬಾಯರೆ ಮುಚ್ಚೂಣು” ಎಂದು ಹೇಳಿ ಹೇಳಿ ಹೊಡೆದರು. ದವಡೆ ಮುರಿದು ಗಲ್ಲ ಒಂದು ಕಡೆಗೆ ಜೋತುಬಿತ್ತು. ನಾನು ಕಬ್ಬು ಕಡಿಯುವ ಕೊಯ್ತಾ ತಂದು ಒಬ್ಬನ ಮುಂಗೈಗೆ ಹಾಕಿದೆ. ಎಲುಬಿಗೆ ತಾಗಿ ನಿಂತಿತು. ವಯಸ್ಸಾಯಿತು, ಮೊದಲಾಗಿದ್ದರೆ ಆಚೆ ಹೋಗುತ್ತಿತ್ತು.

ಪೊಲೀಸರು ಎರಡೂ ಕಡೆಯವರಿಗೆ ಬುದ್ಧಿ ಹೇಳಿ ಹೋದರು. ಧರೆಪ್ಪನ ಬಾಯಿಗೆ ತಂತಿ ಹಾಕಿದ್ದಾರೆ, ನಳಿಕೆಯಲ್ಲಿ ಗಂಜಿ ಕುಡಿಯುತ್ತಾನೆ. ಆದರೂ ಹೊಸ ಮನೆಗೆ ಹೋದ. ಕೂಸಿಗೆ ಶೆಡ್ಡಿನಲ್ಲಿ ಮೈಯೆಲ್ಲ ಬೊಕ್ಕೆ ಎದ್ದಿದ್ದವು, ಏನು ಮಾಡುತ್ತಾನೆ?

ಒಂದೇ ಕೇಳುತ್ತೇನೆ. ಕೆಳಗಿನಿಂದ ಎಂದು ನಾನು ಬರೆದಿದ್ದೆನೋ ಇಲ್ಲವೋ?

ಸುಂದ್ರವ್ವ


ದಾವಣಗೆರೆ
೧೪ ಮೇ ೨೦೨೪

ಆಯಿ,

ಮಾಮಾನ ಸುದ್ದಿ ಓದಿದ ಕೂಡಲೇ ಅಮ್ಮನಿಗೆ ಹೇಳಿದೆ. ಅಮ್ಮ ನಾಳೆ ಹೊರಟು ಬರುತ್ತಾಳೆ.

ಆದರೆ ಸೀರೆಯ ಮಾತೆತ್ತಿ ನನ್ನನ್ನು ಕಳ್ಳಿ ಎಂದದ್ದು ನ್ಯಾಯವಲ್ಲ. ಜಕ್ಕಪ್ಪನ ಮುಖವನ್ನೂ ನಾನು ನೋಡಿಲ್ಲ. ಇಗೋ, ನಿನ್ನದೇ ಸಾಲು ನನ್ನ ಮುಂದಿದೆ: “ತೆಗ್ಗಿಗೆ ಪೂರ ಬಂದಿಲ್ಲ. ನೀರು ಬಂತು. ಕೆಳಗಿನಿಂದ ಬಂತು.” ನೀರು ಪೂರ್ತಿ ಬಂದಿಲ್ಲ, ಸ್ವಲ್ಪ ಬಂತು, ಹೊಳೆಯ ಕೆಳಬದಿಯಿಂದ ತಿರುಗಿ ಬಂತು. ವರದಿಯಲ್ಲಿ ಹೀಗೆಯೇ ಹಾಕಿದ್ದೇನೆ. ಆ ಕೆಳಬದಿಗೇ ಒಡ್ಡು ಹಾಕಿಸಿದ್ದೇನೆ. ನೀನು ಹೇಳಿದ್ದನ್ನು ಒಂದಕ್ಷರ ಬಿಡದೆ ಮಾಡಿದ್ದಕ್ಕೆ ಈ ಮಾತೇ?

ಸಪನಾ


ಸಾವಂತಕೋಡಿ
೨೧ ಮೇ ೨೦೨೪

ಅಯ್ಯೋ ನಿನ್ನ ಬಾಯಿಗೆ ಮಣ್ಣು ಹಾಕ.

ಪೂರ ಎಂದರೆ ಹೊಳೆ ಉಕ್ಕಿ ಬರುವುದು! ನೀವು ಪ್ರವಾಹ ಎನ್ನುತ್ತೀರಲ್ಲ, ಅದು. ಮರಾಠಿಯ ಮಾತೋ ಕನ್ನಡದ ಮಾತೋ ನಾನರಿಯೆ, ಹುಟ್ಟಿದಾಗಿನಿಂದ ನಮ್ಮ ಬಾಯಲ್ಲಿದೆ. ನಿನ್ನ ಅವ್ವ ಕಾಂಚನ ಹುಟ್ಟಿದ್ದೇ ಪೂರ ಬಂದ ವಾರ. ತುಮಕೂರಿಗೆ ಮದುವೆಯಾಗಿ ಹೋದವಳು ಮಗಳಿಗೆ ಇಷ್ಟನ್ನೂ ಕಲಿಸಲಿಲ್ಲವೇ? ತೆಗ್ಗಿಗೆ ಪೂರ ಬಂದಿಲ್ಲ ಎಂದರೆ ಹೊಳೆ ದಿಬ್ಬ ಏರಿ ಬಂದಿಲ್ಲ ಎಂದು. ಅರ್ಧ ಬಂತು, ಪಾವು ಬಂತು ಎಂದಲ್ಲ.

ಕೆಳಗಿನಿಂದ ಎಂದರೆ ಕೆಳಬದಿಯಿಂದ ಅಲ್ಲ. ಕಾಲ ಕೆಳಗಿನಿಂದ. ನೆಲದಿಂದ!

ಹೊಳೆ ಏರಿದಾಗ ನೀರು ದಿಬ್ಬದ ಬುಡದಲ್ಲಿ ಗರಸಿನ ಸಂದಿ ಹಿಡಿದು ಬಂದು ತೆಗ್ಗಿನ ತಳದಲ್ಲಿ ಏಳುತ್ತದೆ. ಆ ದಿನ ಬೂದಿ ಅಂಬಲಿಯ ಹಾಗೆ ಕುದಿಯಿತು. ಎಮ್ಮೆ ನಿಂತಲ್ಲೇ ಮೊಣಕಾಲಿನವರೆಗೆ ಇಳಿಯಿತು, ಆಮೇಲೆ ಹೊಟ್ಟೆಯವರೆಗೆ. ಆರು ಮಂದಿ ಹಗ್ಗ ಜಗ್ಗಿದೆವು. ಕೊರಳ ಚರ್ಮ ಸೀಳಿ ಕೆಂಪು ಕಂಡಿತು, ಎಮ್ಮೆ ಬರಲಿಲ್ಲ. ಮೂಗಿನಲ್ಲಿ ಬೂದಿ ತುಂಬುವವರೆಗೂ ನನ್ನನ್ನೇ ನೋಡಿತು.

ಆ ನೀರಿಗೆ ಹೊರಗೆ ಹೋಗಲು ಇದ್ದದ್ದು ಅದೊಂದೇ ಬದಿ, ಮೂಡಣದ ಇಳಿಜಾರು. ಅಲ್ಲಿಗೇ ನೀನು ಒಡ್ಡು ಬಡಿದೆ. ಈಗ ಅದು ಕಾಲನಿ ಅಲ್ಲ, ದನ ಕುಡಿಯುವ ಬಾನಿ. ಮೂವತ್ತೆಂಟು ಮನೆ ಆ ಬಾನಿಯಲ್ಲಿವೆ.

ಕಳ್ಳಿ ಎಂದದ್ದು ತಪ್ಪು. ದಡ್ಡಿ ಎನ್ನಬೇಕಿತ್ತು. ನಾನೂ ದಡ್ಡಿಯೇ, ಎಮ್ಮೆ ಹೇಗೆ ಸತ್ತಿತು ಎಂದು ನಾಲ್ಕು ಸಾಲು ಹೆಚ್ಚು ಬರೆದಿದ್ದರೆ ನನ್ನ ಕೈ ಉದುರುತ್ತಿರಲಿಲ್ಲ. ಜಂಬ ಮಾಡಿದೆ. ಇಂದೇ ಮೇಲಿನವರಿಗೆ ಬರಿ. ತಪ್ಪು ಓದಿದೆ ಎಂದು ಬರಿ. ಮೃಗಶಿರಾ ಮಳೆಗೆ ಮುಂಚೆ ಮಂದಿಯನ್ನು ಎಬ್ಬಿಸಲಿ, ಇಲ್ಲವೇ ಒಡ್ಡು ಒಡೆಯಲಿ.

ಸುಂದ್ರವ್ವ


ದಾವಣಗೆರೆ
೨೦ ಜೂನ್ ೨೦೨೪

ಆಯಿ,

ಉತ್ತರ ತಡವಾಯಿತು. ಸಾಹೇಬರು ಊರಲ್ಲಿರಲಿಲ್ಲ. ಒಪ್ಪಿಗೆಯಾದ ವರದಿಯನ್ನು ತಿದ್ದಬೇಕಾದರೆ ಕಾರಣ ಕೊಡಬೇಕು. ಹೆಚ್ಚುವರಿ ಟಿಪ್ಪಣಿ ಎಂದು ಒಂದು ಕರಡು ಮಾಡಿದ್ದೇನೆ, ಕಾರಣದ ಜಾಗವೊಂದು ಖಾಲಿ ಇದೆ. ಯಾವ ಮಾತು ಹಾಕಿದರೆ ಸರಿ ಎಂದು ನೋಡುತ್ತಿದ್ದೇನೆ.

ಹೋದ ವಾರ ನನ್ನ ಕೆಲಸ ಕಾಯಂ ಆಯಿತು. ಅಮ್ಮ ಹೇಳಿರಬಹುದು.

ಈ ವರ್ಷ ಮಳೆ ಅಷ್ಟೇನೂ ಇಲ್ಲವಂತೆ. ಆದರೂ ಜೋರಾದರೆ ಮಾಮಾನಿಗೆ ಬೇಡಕಿಹಾಳದ ನೆಂಟರಲ್ಲಿ ಎರಡು ದಿನ ಇರಲು ಹೇಳು.

ಸಪನಾ


ಸಾವಂತಕೋಡಿ
೬ ಆಗಸ್ಟ್ ೨೦೨೪

ಸಪನಾ,

ರೂಪಾಲಿ ಸತ್ತಳು. ಅವ್ವ ಫೋನಿನಲ್ಲಿ ಹೇಳಿರುತ್ತಾಳೆ. ಹೇಗೆ ಎಂದು ನನ್ನ ಕೈಯಿಂದ ಓದು.

ಜುಲೈ ಇಪ್ಪತ್ತೆಂಟು, ರವಿವಾರ, ಬೆಳಿಗ್ಗೆ ಹತ್ತು ಗಂಟೆ. ನಾನು ಕೂಸಿಗೆ ಎಣ್ಣೆ ಹಚ್ಚಲು ಅಲ್ಲಿಗೆ ಹೋಗಿದ್ದೆ. ಧರೆಪ್ಪ ನೆಂಟರಲ್ಲಿ ಜಾಗ ಕೇಳಲು ಬೇಡಕಿಹಾಳಕ್ಕೆ ಹೋಗಿದ್ದ. ಮಳೆ ನಿಂತಿತ್ತು. ಹೊಳೆ ಮಾತ್ರ ಎರಡು ದಿನದಿಂದ ಏರುತ್ತಿತ್ತು, ಮೇಲಿನ ಡ್ಯಾಮುಗಳಿಂದ ಬಿಟ್ಟಿದ್ದರು. ರೂಪಾಲಿ ಒಲೆಯ ಕಡೆಯಿಂದ, “ಅತ್ತಿ, ಫರ್ಸಿ ಏಳಾಕತ್ತೈತಿ ನೋಡ್ರಿ” ಎಂದಳು. ಹಾಸುಗಲ್ಲು ಉಸಿರಾಡಿದ ಹಾಗೆ ಎದ್ದು ಇಳಿಯುತ್ತಿತ್ತು. ನೋಡುತ್ತಿದ್ದಂತೆ ಸೀಳಿ ಕರಿನೀರು ಮೊಳದುದ್ದ ಹಾರಿತು. ಸಂಡಾಸಿನ ಗುಂಡಿ ಬಾಂಬಿನ ಹಾಗೆ ಒಡೆಯಿತು. ಗಳಿಗೆಯಲ್ಲಿ ಪ್ರತಿ ಮನೆಯಲ್ಲೂ ಅದೇ. ಮಂದಿ ಓಣಿಗೆ ಓಡಿದರೆ ಓಣಿಯೇ ಬೂದಿಯ ರಾಡಿ. ಕಾಲು ಇಟ್ಟವರದು ಇಟ್ಟಲ್ಲೇ. ಮಧ್ಯಾಹ್ನಕ್ಕೆ ಸೊಂಟಕ್ಕೆ ನೀರು. ನಿನ್ನ ಒಡ್ಡು ಒಂದು ಹನಿಯನ್ನೂ ಹೊರಗೆ ಬಿಡಲಿಲ್ಲ. ಬಹಳ ಗಟ್ಟಿ ಕಟ್ಟಿದ್ದರು.

ನಾವು ಹತ್ತು ಹನ್ನೆರಡು ಮಂದಿ ಹೇಗೋ ಒಡ್ಡು ಹತ್ತಿದೆವು. ಕೂಸು ಹೊತ್ತ ರೂಪಾಲಿ ಹಿಂದೆ ಉಳಿದಳು. ಮೇಲೆ ಜಕ್ಕಪ್ಪನ ಕಾವಲುಗಾರ ವಿಶ್ವಾಸ ಕಬ್ಬಿಣದ ಪೈಪು ಹಿಡಿದು ನಿಂತಿದ್ದ, ಜೊತೆಗೆ ಮೂವರು.

“ಒಡ್ಡ ಸರ್ಕಾರದ್ದೈತಿ. ಸಾಹೇಬ್ರ ಬರೂತನಾ ಯಾರೂ ಮುಟ್ಟಂಗಿಲ್ಲ.”

“ಸಾಹೇಬ್ರ ಬರೂತನಾ ಹೆಣಾ ತೇಲ್ತಾವಲೋ ಭಾಡ್ಯಾ!” ಎಂದೆ.

ಜೆಸಿಬಿ ಓಡಿಸುವ ಪಾರಿಸ ಮುಂದೆ ಹೋದ. ಅವನ ತಲೆಗೆ ಪೈಪು ಬಿತ್ತು, ಕಿವಿ ಹರಿದು ತೂಗಿತು. ನನ್ನ ಕೈಗೆ ಗುದ್ದಲಿಯ ಕಾವು ಸಿಕ್ಕಿತು. ವಿಶ್ವಾಸನ ಮೊಣಕಾಲಿಗೆ ಹಾಕಿದೆ, ಕಬ್ಬು ಮುರಿದ ಸದ್ದು ಬಂತು. ಬಿದ್ದ ಮೇಲೆಯೂ ಎರಡು ಹಾಕಿದೆ. ಉಳಿದವರನ್ನು ಹೆಂಗಸರೇ ಕಲ್ಲಿನಿಂದ ಜಜ್ಜಿದರು. ಪಾರಿಸ ಅದೇ ರಕ್ತದಲ್ಲಿ ಅಲ್ಲೇ ನಿಂತಿದ್ದ ಜೆಸಿಬಿ ಹತ್ತಿ ಒಡ್ಡು ಒಡೆದ. ನೀರು ಹೋಯಿತು. ಮಂದಿ ಉಳಿದರು.

ರೂಪಾಲಿಯ ಮೇಲೆ ಗೋಡೆ ಬಿತ್ತು. ಕೂಸು ಉಳಿದಿದೆ. ಧರೆಪ್ಪನ ದವಡೆ ಇನ್ನೂ ಸರಿ ಕೂಡಿಲ್ಲ. ಅವನ ಕೂಗು ಮಾತಾಗಿ ಬರುವುದಿಲ್ಲ.

ನಿನ್ನ ಟಿಪ್ಪಣಿ ಯಾರ ಮೇಜಿನ ಮೇಲೆ ಮಲಗಿದೆ?

ಸುಂದ್ರವ್ವ


ದಾವಣಗೆರೆ
೨ ಸೆಪ್ಟೆಂಬರ್ ೨೦೨೪

ಆಯಿ,

ಟಿಪ್ಪಣಿ ಯಾರ ಮೇಜಿನ ಮೇಲೂ ಇಲ್ಲ. ನಾನು ಕಳಿಸಿರಲಿಲ್ಲ. ‘ನಾನು ತಪ್ಪು ಓದಿದೆ’ ಎಂಬ ಮೂರು ಶಬ್ದ ಬರೆಯುವುದು, ಅಳಿಸುವುದು. ಅಷ್ಟರಲ್ಲಿ ಜುಲೈ ಬಂತು.

ಇದೇ ಹದಿನೇಳಕ್ಕೆ ಅಥಣಿಯಲ್ಲಿ ವಿಚಾರಣೆ. ನಿನ್ನ ಪತ್ರ ವರದಿಯ ಜೊತೆ ಇರುವುದರಿಂದ ನಿನ್ನನ್ನು ಕರೆಯುತ್ತಾರೆ, ಆ ಸಾಲಿನ ಅರ್ಥ ಕೇಳುತ್ತಾರೆ. “ಅಜ್ಜಿಗೆ ವಯಸ್ಸಾಗಿದೆ, ಒಂದು ಶಬ್ದ ಹೆಚ್ಚುಕಡಿಮೆ ಆಗಿರಬಹುದು, ವಯಸ್ಸಾದವರನ್ನು ಯಾರೂ ಏನೂ ಮಾಡುವುದಿಲ್ಲ” ಎಂದು ಸಾಹೇಬರು ಹೇಳುತ್ತಿದ್ದರು. ಏನು ಹೇಳಬೇಕೆಂದು ನಾನು ನಿನಗೆ ಹೇಳುವುದಿಲ್ಲ.

ಸಪನಾ


ಸಾವಂತಕೋಡಿ
೧೯ ಸೆಪ್ಟೆಂಬರ್ ೨೦೨೪

ಸಪನಾ,

ಹೇಳುವುದಿಲ್ಲ ಎಂದು ಬರೆದಲ್ಲೇ ಹೇಳಿಬಿಟ್ಟೆಯಲ್ಲ.

ಜಕ್ಕಪ್ಪನ ವಕೀಲನೂ ಅದನ್ನೇ ಹೇಳಲು ಬಂದಿದ್ದ. “ಪೂರ ಅಂದ್ರ ಪೂರ್ತಿ ಅಂತನ ಬರದಿದ್ದೆ ಅಂದ್ಬಿಡ್ರಿ ಆಯಿ. ಮೊಮ್ಮಗಳೂ ಉ‍ಳೀತಾಳ, ಎಲ್ಲಾರೂ ಉಳೀತಾರ.” ನಿನಗೆ ಸುಳ್ಳು ಬರೆಯುವುದಿಲ್ಲ, ಅವನು ಹೇಳಿಕೊಟ್ಟ ಹಾಗೆಯೇ ಹೇಳೋಣ ಎಂದು ಮನಸ್ಸು ಮಾಡಿಕೊಂಡೇ ಬಸ್ಸು ಹತ್ತಿದ್ದೆ. ಮುದುಕಿ ತಪ್ಪು ಬರೆದಳು ಎಂದರೆ ನನಗೇನು ಹೋಗುತ್ತದೆ? ನಿನಗೆ ಎಲ್ಲ ಉಳಿಯುತ್ತದೆ.

ಅಧಿಕಾರಿ ಕಾಗದ ಮುಂದಿಟ್ಟು ಕೇಳಿದ. ಎದುರಿಗೆ ಧರೆಪ್ಪ ಕೂಸನ್ನು ಎತ್ತಿಕೊಂಡು ಕುಳಿತಿದ್ದ. ಅವನ ಬಾಯಿಯನ್ನು ಮುರಿದವರ ಪರವಾಗಿ ನಾನು ಮಾತಾಡುವುದನ್ನು ಅವನು ಕೇಳಬೇಕಾಗುತ್ತಿತ್ತು. “ಸಾಹೇಬ್ರ, ನಾ ಸರಿ ಬರದೇನಿ. ನನ್ನ ಮೊಮ್ಮಗಳ ತಪ್ಪ ಓದ್ಯಾಳ. ಮೇ ತಿಂಗಳದಾಗ ಆಕಿಗೆ ತಿಳಿಸೇನಿ, ಆಕಿ ಮುಂದ ಕಳಿಸಿಲ್ಲ” ಎಂದೆ. ನಿನ್ನ ಜೂನಿನ ಕಾಗದವನ್ನೂ ಕೊಟ್ಟೆ. ಗರಸು ತೋಡಿದವನು, ಬೂದಿ ಸುರಿದವನು, ಅದರ ಮೇಲೆ ಮನೆ ಕಟ್ಟಲು ಒಪ್ಪಿದವರು, ಎಲ್ಲರ ಹೆಸರನ್ನೂ ಹೇಳಿದೆ.

ಇಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

ಗೋಡೆ ಬಿದ್ದು ರೂಪಾಲಿ ಸತ್ತಳು ಎಂದು ನಿನಗೆ ಬರೆದೆ. ಧರೆಪ್ಪನಿಗೂ ಹಾಗೆಯೇ ಹೇಳಿದ್ದೆ. ಗೋಡೆ ಬಿದ್ದಿರಲಿಲ್ಲ. ಪಾರಿಸ ಜೆಸಿಬಿಯ ಮೇಲಿಂದ, “ಆಯಿ, ಮಂದಿ ಇನ್ನಾ ಓಣ್ಯಾಗ ಅದಾರ. ಒಡೀಲೇನ?” ಎಂದು ಕೇಳಿದ್ದ. ಓಣಿಯಲ್ಲಿ ರೂಪಾಲಿ ಎದೆಮಟ್ಟ ನೀರಿನಲ್ಲಿ ಕೂಸನ್ನು ಮೇಲೆತ್ತಿ ಹಿಡಿದು ನಿಂತದ್ದು ನನಗೆ ಕಂಡಿತ್ತು. ತಡೆದರೆ ಎಲ್ಲರೂ ಮುಳುಗುತ್ತಾರೆ. “ಒಡಿ” ಎಂದೆ. ಅವಳು ಕೂಸನ್ನು ಕಿಟಕಿಯೊಳಗಿನ ಕೈಗೆ ತುರುಕಿದಳು. ಅಷ್ಟಕ್ಕೆ ನೀರು ಅವಳನ್ನು ಎಳೆಯಿತು. ಒಡೆದ ಒಡ್ಡಿನ ಬಾಯಲ್ಲಿ ಕಲ್ಲುಗಳ ನಡುವೆ ಸಿಕ್ಕಳು. ಬೆನ್ನು ಎರಡಾಗಿತ್ತು. ಸೀರೆ ಸರಿಮಾಡಿ, ಮನೆಯ ಮುಂದೆ ತಂದು ಮಲಗಿಸಿ, ಗೋಡೆ ಎಂದವಳು ನಾನು.

ಅದನ್ನೂ ಹೇಳಿದೆ. ಅಧಿಕಾರಿ, “ಅಜ್ಜಿ, ಇದನ್ನ ಯಾರೂ ಕೇಳಿರ್ಲಿಲ್ಲ” ಎಂದ. “ಮೊಮ್ಮಗಳ ತಪ್ಪ ಹೇಳಾಕ ಬಂದಾಕಿ ನಂದ ಮುಚ್ಚಿ ಇಟಗೊಂಡ ಹೋಗ್ಲೇನ್ರಿ?” ಎಂದೆ.

ಹೊರಗೆ ಬಂದ ಮೇಲೆ ಧರೆಪ್ಪ ನನಗೆ ಹೊಡೆದ. ಕಚೇರಿಯ ಮೆಟ್ಟಿಲ ಮೇಲೆ, ಮಂದಿ ನೋಡುತ್ತಿದ್ದಂತೆ. ತುಟಿ ಒಡೆಯಿತು. ಹೆತ್ತವಳಿಗೆ ಹೊಡೆದ ಎಂದು ಮಂದಿ ಅವನ ಮೇಲೆ ಏರಿ ಬಂದರು. “ಸರೀರಿ ಅತ್ತ, ಇದ ನಮ್ಮ ಮನಿ ಮಾತ” ಎಂದು ಅವರನ್ನು ದೂಡಿದೆ. ಬಸ್ಸಿನಲ್ಲಿ ಅವನು ನನ್ನ ಪಕ್ಕದಲ್ಲೇ ಕುಳಿತ. ಶಿರಗುಪ್ಪಿಯ ಇಬ್ಬರು ಹೆಂಗಸರು ನನ್ನ ತುಟಿ ನೋಡಿ ಏನಾಯಿತು ಎಂದು ಕೇಳಿದರು. ನಾನೂ ಹೇಳಲಿಲ್ಲ, ಅವನೂ ಹೇಳಲಿಲ್ಲ.

ನಿನ್ನ ನೌಕರಿ ಹೋಗುತ್ತದೆ. ಕೇಸೂ ಆದೀತು. ಅದನ್ನು ನನ್ನ ಬಾಯಿಂದ ನಾನೇ ಮಾಡಿದ್ದೇನೆ. ಅದಕ್ಕೆ ನಿನ್ನ ಮಾಫಿ ಕೇಳುವುದಿಲ್ಲ, ನೀನೂ ನನ್ನಲ್ಲಿ ಕೇಳಬೇಡ. ಅದನ್ನು ಕೊಡುವವನು ಬೇರೆ ಇದ್ದಾನೆ.

ಬರುವ ರವಿವಾರ ಬಾ. ಬಂದು ಧರೆಪ್ಪನ ಎದುರು ನಿಲ್ಲು. ಅವನು ಕೈ ಎತ್ತಿದರೆ ನಾನು ನಡುವೆ ಬರುವುದಿಲ್ಲ, ನಿನ್ನ ಅವ್ವನನ್ನೂ ಬರಗೊಡುವುದಿಲ್ಲ. ಎತ್ತದಿದ್ದರೆ ಅದು ಇನ್ನೂ ಕಠಿಣ, ಅದನ್ನೂ ತಾಳಿಕೋ. ಆಮೇಲೆ ಒಳಗೆ ಬಂದು ಕೂಸನ್ನು ಎತ್ತಿಕೋ. ಹೊಸಬರ ಕೈಗೆ ಹೋದರೆ ಅದು ಕಿರುಚುತ್ತದೆ, ಕೂದಲು ಹಿಡಿದು ಜಗ್ಗುತ್ತದೆ. ಜಗ್ಗಲಿ. ಕೆಳಗೆ ಇಳಿಸಬೇಡ.

ಸುಂದ್ರವ್ವ